ನುಸಿಗುಳಿಗೆ

ಮೂರು ದಿನ ಬಿಸಿಲಿಗೆ ಹಾಕಿದ್ದರೂ ಸೀರೆಯ ವಾಸನೆ ಹೋಗಿರಲಿಲ್ಲ. ಸೀರೆಯದು ಹೋಗಿ ತನ್ನ ಬೆರಳುಗಳಲ್ಲೇ ಉಳಿದುಕೊಂಡಿದೆಯೋ ಏನೋ ಎಂದು ಬೀರಮ್ಮ ಕೈಯನ್ನು ಮೂಗಿನ ಹತ್ತಿರ ಹಿಡಿದಳು. ಬೂದಿಯಲ್ಲಿ ಉಜ್ಜಿದ ಕೈ, ಹುಣಸೆಹಣ್ಣು ಹಾಕಿ ತಿಕ್ಕಿದ ಕೈ. ಆದರೂ ಹಳೆಯ ಟ್ರಂಕಿನ ಆ ತಣ್ಣನೆಯ ವಾಸನೆ ಉಗುರಿನ ಸಂದಿಯಲ್ಲಿ ಕೂತೇ ಇತ್ತು. ಗಿಣಿಹಸಿರು ಒಡಲು, ಕುಂಕುಮದ ಬಣ್ಣದ ಅಂಚು. ಹಗ್ಗದ ಮೇಲೆ ಗಾಳಿಗೆ ಸೀರೆ ಉಬ್ಬಿದಾಗಲೆಲ್ಲ ಒಳಗೆ ಯಾರೋ ನಿಂತಿರುವ ಹಾಗೆ ಕಂಡು, ಮರುಗಳಿಗೆ ಯಾರೂ ಇಲ್ಲವಾಗುತ್ತಿತ್ತು. ಸೊಂಟದ ಅಡಿಕೆ ಚೀಲದಿಂದ ಒಂದು ಬಿಲ್ಲೆ ಅಡಿಕೆ ತೆಗೆದು ಬಾಯಿಗೆ ಹಾಕಿಕೊಂಡಳು, ಹಾಕಿಕೊಂಡವಳೇ ಉಗಿದಳು. ಅಡಿಕೆಯೂ ಅದೇ ವಾಸನೆ. ಚೀಲದ ತಳದಲ್ಲಿ, ಸುಣ್ಣದ ಡಬ್ಬಿಯ ಪಕ್ಕದಲ್ಲಿ, ಅರ್ಧ ಕರಗಿದ ಬಿಳಿಯ ನುಸಿಗುಳಿಗೆ ಇತ್ತು. ಅದನ್ನು ಅಲ್ಲಿಟ್ಟವಳೂ ಅವಳೇ. ಎಸೆಯಬಹುದಿತ್ತು. ತೋರಿಸಬಹುದಿತ್ತು. ಎರಡೂ ಮಾಡದೆ ಮೂರು ದಿನದಿಂದ ಸೊಂಟದಲ್ಲಿ ಹೊತ್ತುಕೊಂಡು ತಿರುಗುತ್ತಿದ್ದಳು. ಅಂಗಳದ ಆ ಕೊನೆಯಲ್ಲಿ ಮಗ ಶಿವರಾಜು ಬೈಕಿನ ಸೀಟನ್ನು ಒರೆಸುತ್ತಿದ್ದ. ಉಂಡ ಮೇಲೆ ಹೆಂಡತಿ ನಯನಳನ್ನು ಬೈರಮಂಗಲಕ್ಕೆ, ಅವಳ ತವರಿಗೆ ಬಿಟ್ಟು ಬರುವುದು ಎಂದು ನಿನ್ನೆಯೇ ತೀರ್ಮಾನವಾಗಿತ್ತು. ಒಂದು ಸೀಟು ಒರೆಸಲು ಎಷ್ಟು ಹೊತ್ತು ಬೇಕು? ಅವನು ಒರೆಸುತ್ತಲೇ ಇದ್ದ. ಅಷ್ಟು ಹೊತ್ತು ತನಗಿನ್ನೂ ಇದೆ ಎಂದು ಬೀರಮ್ಮ ಲೆಕ್ಕ ಹಾಕುತ್ತಿದ್ದಳು.

ಹುಳ ಸತ್ತದ್ದು ಸೋಮವಾರ. ಕೊನೆಯ ಸಲ ಪೊರೆ ಬಿಟ್ಟು, ನಾಲ್ಕನೆಯ ಜ್ವರ ಎದ್ದು, ಬೆರಳಿನಷ್ಟು ದಪ್ಪಗೆ ಬೆಳೆದು, ಇನ್ನೈದು ದಿನದಲ್ಲಿ ಹಣ್ಣಾಗಿ ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಏರಬೇಕಾಗಿದ್ದ ರೇಷ್ಮೆ ಹುಳ. ಬೆಳಗ್ಗೆ ಬಾಗಿಲು ತೆಗೆದಾಗ ಮೊದಲು ಕಿವಿಗೆ ತಿಳಿಯಿತು. ಸೊಪ್ಪು ತಿನ್ನುವ ಹುಳದ ಮನೆಯಲ್ಲಿ ಸಣ್ಣ ಮಳೆ ಹಿಡಿದಂಥ ಸದ್ದು ಸದಾ ಇರುತ್ತದೆ, ಅವತ್ತು ಎಡಗಡೆಯ ಮೂರು ಅಂಕಣದಲ್ಲಿ ಮಳೆ ನಿಂತಿತ್ತು. ಬಲಗಡೆ ಮಾತ್ರ ಹನಿಯುತ್ತಿತ್ತು. ಎಡಗಡೆಯ ಹುಳ ಹಸುರು ಕಕ್ಕಿಕೊಂಡು, ತಲೆಯನ್ನು ಬೇಡ ಬೇಡ ಎನ್ನುವ ಹಾಗೆ ಅತ್ತ ಇತ್ತ ಆಡಿಸುತ್ತಾ, ಮೈ ಗಿಡ್ಡವಾಗಿ ಸಾಯುತ್ತಿದ್ದವು. ಸಪ್ಪೆ ರೋಗವಲ್ಲ, ಸುಣ್ಣಕಟ್ಟಲ್ಲ, ಹಾಲುತೊಂಡೆಯಲ್ಲ. ನಲವತ್ತು ವರ್ಷ ಹುಳ ಸಾಕಿದ ಕಣ್ಣಿಗೆ ಅದು ಏನೆಂದು ಗೊತ್ತಾಗದೆ ಇರುತ್ತದೆಯೇ. ಘಾಟು. ಯಾವುದೋ ಘಾಟು ಹೊಡೆದಿದೆ. ಸತ್ತದ್ದನ್ನೆಲ್ಲ ಬಾಚಿ ಮಂಕರಿಗೆ ತುಂಬುವಾಗ ಮೂರನೆಯ ಅಟ್ಟದ ಕಡ್ಡಿಗಳ ಅಡಿಯಲ್ಲಿ ಅವಳ ಬೆರಳಿಗೆ ಗುಳಿಗೆ ಸಿಕ್ಕಿತು. ಅದೇ ಹೊತ್ತಿಗೆ ಬಾಗಿಲಲ್ಲಿ ಪಕ್ಕದ ತೋಟದ ಅಂಕಯ್ಯ ನಿಂತು ಮಾತಾಡುತ್ತಿದ್ದ. "ಮುಟ್ಟು ತಗುಲೈತೆ ಕಣ್ ಬೀರಕ್ಕ, ಇನ್ನೇನಲ್ಲ. ನಮ್ಮ ಕಾಲ್ದಾಗೆ ಮೂರು ದಿನ ಹೊರಗ್ ಕೂತವ್ರೆ ಅಂದ್ರೆ ಸೀರೆ ನೋಡಿದ್ರೇ ಗೊತ್ತಾಗ್ತಿತ್ತು. ಈಗ ನೈಟಿಗೆ ಎಲ್ಲಾ ದಿನಾನೂ ಒಂದೇ. ಯಾವತ್ತು ಒಳಗೆ, ಯಾವತ್ತು ಹೊರಗೆ, ಯಾರಿಗ್ ಗೊತ್ತು?" ಹೋದ ಶುಕ್ರವಾರವೇ ನಯನ ಮುಟ್ಟು ಕಳೆದು ತಲೆಗೆ ನೀರು ಹಾಕಿಕೊಂಡಿದ್ದಳು, ನೀರು ಕಾಯಿಸಿಕೊಟ್ಟವಳು ಬೀರಮ್ಮನೇ. ಹೇಳಬಹುದಿತ್ತು. ಆದರೆ ಅದನ್ನು ಹೇಳಿದರೆ ಮತ್ತೆ ಹುಳ ಯಾಕೆ ಸತ್ತವು ಎಂಬ ಮಾತು ಬರುತ್ತಿತ್ತು, ಗುಳಿಗೆ ಅಂಗೈಯಲ್ಲಿ ಬೆವರುತ್ತಿತ್ತು. ಅವಳು ಮುಷ್ಟಿಯನ್ನು ಸೊಂಟಕ್ಕೆ ಒಯ್ದಳು. ಅಡಿಕೆ ಚೀಲದ ದಾರ ಎಳೆದು ಕಟ್ಟಿದಳು. ಸಂಜೆಯೊಳಗೆ ಅಂಕಯ್ಯನ ಮಾತು ಊರೆಲ್ಲ ಸುತ್ತಿ, ಊರಿನ ಮಾತಾಗಿ, ಮನೆಗೆ ವಾಪಸು ಬಂದಿತ್ತು.

ಆ ನೈಟಿ ಹುಳದ ಮನೆಯ ಬಾಗಿಲ ಮೊಳೆಗೆ ಬಂದು ಎರಡು ವರ್ಷ. ಕನಕಪುರದಲ್ಲಿ ಮೂರು ದಿನ ರೇಷ್ಮೆ ತರಬೇತಿಗೆ ಹೋಗಿ ಬಂದ ನಯನ, ಬಂದ ದಿನವೇ ಒಂದು ಕಲ್ಲು ಹುಡುಕಿ ತಂದು ಮೊಳೆ ಹೊಡೆದಿದ್ದಳು. ಹುಳದ ಮನೆಗೆ ಬೇರೆ ಬಟ್ಟೆ, ಬಿಸಿನೀರಲ್ಲಿ ಒಗೆದದ್ದು. ತಲೆಗೆ ಕಟ್ಟಲು ಒಂದು ತುಂಡು ಬಟ್ಟೆ. ಹೊಸ್ತಿಲಲ್ಲಿ ಸುಣ್ಣದ ಪುಡಿ, ಕಾಲು ಅದ್ದಿಯೇ ಒಳಗೆ ಬರಬೇಕು. "ಬಟ್ಟೆ ಬಿಚ್ಚಿ ಬಟ್ಟೆ ಹಾಕ್ಕಳಾಕೆ ಇದೇನ್ ನಾಟಕದ್ ಮನೆಯಾ?" ಎಂದು ಬೀರಮ್ಮ ನಕ್ಕಿದ್ದಳು. ಆದರೆ ಆಮೇಲೆ ಒಂದು ಬೆಳೆಯೂ ಹಾಳಾಗಲಿಲ್ಲ. ತಾನೂ ಹುಳ ದೊಡ್ಡದಾದ ಮೇಲೆ ಹೊಗೆಸೊಪ್ಪು ಮುಟ್ಟುವವಳಲ್ಲ, ಊದುಕಡ್ಡಿ ಹಚ್ಚಿದ ಕೈಯಲ್ಲಿ ಸೊಪ್ಪು ಹಾಕುವವಳಲ್ಲ. ಇಷ್ಟೆಲ್ಲ ಬಲ್ಲವಳಿಗೆ ಭಾನುವಾರ ಬುದ್ಧಿ ಎಲ್ಲಿಗೆ ಹೋಗಿತ್ತು? ಎಲ್ಲಿಗೂ ಹೋಗಿರಲಿಲ್ಲ, ಬೀಗಿತ್ತಿ ಮಾರಮ್ಮನ ಕಣ್ಣಿನೊಳಗೆ ಹೋಗಿ ಕೂತಿತ್ತು. ಮಗಳು ಸಿರಿಯನ್ನು ಮಾಗಡಿ ಕಡೆ ಕೊಟ್ಟ ಮೇಲೆ ಮಾರಮ್ಮ ಬಂದದ್ದು ಎರಡೇ ಸಲ. ಮೊದಲ ಸಲ ಬಂದಾಗ ನಯನ ಆ ನೈಟಿಯ ಮೇಲೆ ಟವೆಲು ಹೊದ್ದುಕೊಂಡು, ದಾರಿ ದಾಟಿ, ಸೊಪ್ಪಿನ ಹೊರೆ ಹೊತ್ತು ಬಂದಿದ್ದಳು. ಮಾರಮ್ಮ ಕಾಫಿ ಲೋಟ ಕೆಳಗಿಟ್ಟು, ಬಹಳ ಮೆತ್ತಗೆ ಕೇಳಿದ್ದಳು: "ಹೊಲಕ್ಕೂ ಅದ್ನೇ, ಹಾಸ್ಗೇಗೂ ಅದ್ನೇನಾ ಬೀಗಿತ್ತಿ, ನಿಮ್ಮನೇಲಿ?" ಮೆತ್ತಗೆ ಚುಚ್ಚಿದ್ದು ಆಳಕ್ಕೆ ಇಳಿಯುತ್ತದೆ. ಮೂರು ತಿಂಗಳು ಬೀರಮ್ಮ ಮುದ್ದೆ ತಿರುವುವಾಗ, ರಾಗಿ ಕೇರುವಾಗ ಆ ಮಾತಿಗೆ ಉತ್ತರ ಹುಡುಕುತ್ತಿದ್ದಳು. ಉತ್ತರ ಟ್ರಂಕಿನಲ್ಲಿ ಇತ್ತು.

ಭಾನುವಾರ ಬೀಗರು ಬರುತ್ತಾರೆ ಎಂದು ತಿಳಿದ ಕೂಡಲೇ ಟ್ರಂಕು ತೆರೆದು ತನ್ನ ರೇಷ್ಮೆ ಸೀರೆಯನ್ನು ತೆಗೆದು ಸೊಸೆಯ ಮಡಿಲಿಗೆ ಹಾಕಿದಳು. ನಯನ ಉಟ್ಟಳು. ಉಟ್ಟು ಹೊರಗೆ ಬಂದಾಗ ಹುಡುಗಿ ಎಷ್ಟು ಚೆನ್ನಾಗಿ ಕಂಡಳೆಂದರೆ ಬೀರಮ್ಮ ಲಟಿಕೆ ಮುರಿದು ದೃಷ್ಟಿ ತೆಗೆದಳು. ನಡಿಗೆಯೇ ಬೇರೆಯಾಗಿತ್ತು. ದಡದಡ ಓಡಾಡುವವಳು ಹೆಜ್ಜೆ ಎಣಿಸುತ್ತಿದ್ದಳು, ತಲೆ ಎತ್ತಿ ಮಾತಾಡುವವಳು ನೆರಿಗೆ ನೋಡಿಕೊಂಡು ಮಾತಾಡುತ್ತಿದ್ದಳು. ನೋಡಿದ್ಯಾ, ಬಟ್ಟೆ ನೆಟ್ಟಗಾದರೆ ನಡತೆ ತಾನೇ ನೆಟ್ಟಗಾಗುತ್ತದೆ ಎಂದುಕೊಂಡಿದ್ದಳು ಬೀರಮ್ಮ. ಮಾರಮ್ಮನೂ, ಅವಳ ಗಂಡನೂ ಹುಳದ ಮನೆಯ ಜಗಲಿಯ ಮೇಲೆ ಚಾಪೆ ಹಾಕಿ ಕೂತಿದ್ದರು. ನಾಲ್ಕು ಗಂಟೆಯ ಸೊಪ್ಪಿನ ಹೊತ್ತು. ನಯನ ಬಾಗಿಲಿಗೆ ಹೋಗಿ ಮೊಳೆಯ ಕಡೆ ಕೈ ಚಾಚಿದಳು. "ಅದ್ಯಾಕಮ್ಮಿ ಈಗ?" ಎಂದಳು ಬೀರಮ್ಮ. ನಯನ ಹತ್ತಿರ ಬಂದು, ತಗ್ಗಿದ ದನಿಯಲ್ಲಿ, "ಅತ್ತೆ, ಸೀರೆ ವಾಸ್ನೆ ಐತೆ. ಗುಳಿಗೆ ವಾಸ್ನೆ" ಎಂದಳು. ಎಲ್ಲರಿಗೂ ಕೇಳಿಸಿತ್ತು. ಬೀರಮ್ಮ, ಎಂದೂ ನಾಲಿಗೆ ಹರಿಬಿಡದ ಬೀರಮ್ಮ, ಬೀಗಿತ್ತಿಯ ಕಡೆ ತಿರುಗಿ ಹೇಳಿದಳು: "ಕೇಳಿದ್ರಾ? ರೇಷ್ಮೆ ಹುಳಕ್ಕೆ ರೇಷ್ಮೆ ಸೀರೆ ಆಗಲ್ವಂತೆ! ಅದ್ರ ಹೊಟ್ಟೇಲಿ ಹುಟ್ಟಿ ಬಂದದ್ದಲ್ವೇನವ್ವ ಇದು? ಹೆತ್ತೋರಿಗೇ ಮಗಳ ವಾಸ್ನೆ ಆಗ್ದಾ?" ಜಗಲಿ ಘೊಳ್ಳೆಂದಿತು. ಮಾರಮ್ಮ ತೊಡೆ ತಟ್ಟಿಕೊಂಡು ನಕ್ಕಳು. ಶಿವರಾಜು ನಕ್ಕ. ಮೂರು ತಿಂಗಳಿಂದ ಹುಡುಕಿದ್ದ ಉತ್ತರ ಸಿಕ್ಕಿತ್ತು. ನಯನ ಹಸಿರು ಸೀರೆಯಲ್ಲೇ ಒಳಗೆ ಹೋದಳು. ಎಡಗಡೆಯ ಅಂಕಣದ ಮೇಲೆ ಬಾಗಿ ಬಾಗಿ ಸೊಪ್ಪು ಹರಡುವಾಗ ಸೆರಗು ಹುಳದ ಮೇಲೆ ಎಳೆದಾಡುವುದು ಬಾಗಿಲಿಂದ ಕಾಣಿಸುತ್ತಿತ್ತು. ಬೀರಮ್ಮ ಅದನ್ನು ನೋಡಿದಳು, ಬೀಗಿತ್ತಿ ನೋಡುತ್ತಿದ್ದಾಳೆಯೇ ಎಂದು ನೋಡಿದಳು. ತಂಗಾಳಿ ಬೀಸುತ್ತಿತ್ತೆಂದು ಆಮೇಲೆ ಪರದೆಗಳನ್ನು ಇಳಿಸಿ ಬಾಗಿಲು ಹಾಕಿದವಳೂ ಅವಳೇ.

ಬಟ್ಟೆಯ ವಿಷಯದಲ್ಲಿ ಅವಳಿಗೆ ಈ ಹುಚ್ಚು ಮೊದಲಿನಿಂದ ಇದ್ದದ್ದಲ್ಲ. ಅವಳು ಈ ಮನೆಗೆ ಸೊಸೆಯಾಗಿ ಬಂದಾಗ ಅವಳ ಅತ್ತೆ ರವಿಕೆಯನ್ನೇ ತೊಡುತ್ತಿರಲಿಲ್ಲ. ಕುರಿ ಹಿಂದೆ ಹೋಗುವವಳು, ಬರಿ ಭುಜದ ಮೇಲೆ ಕಂಬಳಿ ಹಾಕಿಕೊಂಡು ಗುಡ್ಡದ ಹಾಗೆ ನಡೆಯುವವಳು. ಬೀರಮ್ಮನ ಹೂವಿನ ರವಿಕೆ ಕಂಡು, "ತೋಳು ಮುಚ್ಕಂಡೋಳು ಏನ್ ಗೇಯ್ತಾಳು? ಯಾರಿಗ್ ತೋರ್ಸಾಕೆ ಈ ಸಿಂಗಾರ?" ಎಂದು ಊರೆದುರು ಅಂದಿದ್ದಳು. ಮುಚ್ಚಿಕೊಂಡದ್ದಕ್ಕೆ ಬೈಗುಳ! ಅದು ನೆನಪಾಗಿ ಬೀರಮ್ಮನಿಗೆ ಈಗ ನಗು ಬರಬೇಕಿತ್ತು, ಬರಲಿಲ್ಲ. ಅತ್ತೆ ಸತ್ತ ವರ್ಷ ಮೊದಲ ಸಲ ಗೂಡು ಮಾರಲು ಗಂಡನ ಜೊತೆ ರಾಮನಗರಕ್ಕೆ ಹೋಗಿದ್ದಳು. ರಾತ್ರಿಯೆಲ್ಲ ಚಂದ್ರಿಕೆಯಿಂದ ಗೂಡು ಬಿಡಿಸಿ, ಅದೇ ಸೀರೆಯಲ್ಲಿ, ಸೊಪ್ಪಿನ ಕರೆ ಹಿಡಿದ ಸೆರಗಿನಲ್ಲಿ. ಮಾರುಕಟ್ಟೆಯ ಹತ್ತಿರದ ಹೋಟೆಲಿನಲ್ಲಿ ಬೆಂಚಿನ ಮೇಲೆ ಕೂರಲು ಹೋದಾಗ ಗಲ್ಲಾಪೆಟ್ಟಿಗೆಯ ಮುಂದಿದ್ದವನು "ಏಯ್, ಹೊರಗೆ, ಹೊರಗೆ ನಿಂತ್ಕ, ಅಲ್ಲಿಗೇ ಕೊಡ್ತಾರೆ" ಎಂದ. ಬೈದದ್ದೂ ಅಲ್ಲ, ನೊಣ ಓಡಿಸುವ ಹಾಗೆ ಅಂದದ್ದು. ಗಂಡ ಪುಟ್ಟಲಿಂಗಯ್ಯ ಒಳಗೆ ಕೂತು ಕಾಫಿ ಕುಡಿದ. ಅವಳು ಚರಂಡಿಯ ಪಕ್ಕ ನಿಂತು ಕುಡಿದಳು. ಮುಂದಿನ ಬೆಳೆಗೆ ಕನಕಪುರದ ಅಂಗಡಿಯಲ್ಲಿ ಆ ಹಸಿರು ಸೀರೆ ಕೊಂಡು, ಉಟ್ಟು, ಮತ್ತೆ ಅದೇ ಹೋಟೆಲಿಗೆ ಹೋದಳು. ಅದೇ ಮನುಷ್ಯ. "ಬನ್ನಿ ಅಮ್ಮಾ, ಫ್ಯಾನ್ ಕೆಳೀಕ್ ಕೂತ್ಕಳಿ" ಎಂದ. ಫ್ಯಾನಿನ ಕೆಳಗೆ ಕೂತು ಕಾಫಿ ಕುಡಿಯುತ್ತಾ ಅವಳು ಒಂದು ಸತ್ಯ ತಿಳಿದುಕೊಂಡಳು. ಆ ಸತ್ಯಕ್ಕೆ ನುಸಿ ಹಿಡಿಯದಿರಲಿ ಎಂದು ಗುಳಿಗೆ ಹಾಕಿ ಇಟ್ಟಿದ್ದಳು, ಇಷ್ಟು ವರ್ಷ.

"ಅತ್ತೆ, ಊಟಕ್ಕೆ ಬನ್ನಿ. ಮುದ್ದೆ ಆರ್ತೈತೆ."

ನಯನ ಬಾಗಿಲಲ್ಲಿ ನಿಂತಿದ್ದಳು. ಆಗಲೇ ಹೊರಡುವ ಸೀರೆ ಉಟ್ಟಿದ್ದಳು, ಬೂದು ಬಣ್ಣದ್ದು, ಪಿನ್ನು ಹಾಕಿ ಸೆರಗು ಬಿಗಿದಿದ್ದಳು. ಸೋಮವಾರದಿಂದ ಅವಳು ಸೀರೆಯನ್ನೇ ಉಡುತ್ತಿದ್ದಳು, ಯಾರೂ ಹೇಳಿರಲಿಲ್ಲ. ಅತ್ತಿರಲಿಲ್ಲ, ಜಗಳವಾಡಿರಲಿಲ್ಲ. ಒಲೆಯ ಮುಂದೆ ಇಬ್ಬರೇ ಇದ್ದಾಗ ಹೇಳಿಬಿಡಬೇಕು ಎಂದು ಬೀರಮ್ಮ ಒಳಗೆ ಹೋದಳು. ನಯನ ಸಾರು ಬಡಿಸಲು ಬಾಗಿದಳು. ಬೀರಮ್ಮ ಬಾಯಿ ತೆರೆದಳು.

"ಒಸಿ ಉಪ್ಪಿನಕಾಯಿ ಹಾಕಮ್ಮಿ."

ನಯನ ಹಾಕಿದಳು. ಆ ಉಪ್ಪಿನಕಾಯಿಯನ್ನು ಬೀರಮ್ಮ ಮುಟ್ಟಲಿಲ್ಲ. ಸೊಸೆಯ ಕೈ ಬಳೆ ಬಿಟ್ಟ ಕಡೆಯೆಲ್ಲ ಸೊಪ್ಪು ಕೊಯ್ದ ಗೀರುಗಳಿಂದ ತುಂಬಿತ್ತು. ಈ ಕೈಗೆ ಗುಳಿಗೆ ವಾಸನೆ ಎಷ್ಟು ಬೇಗ ತಿಳಿದಿತ್ತು, ಮೂಗಿಗೂ ಮೊದಲು ಕೈಗೇ ತಿಳಿದಿರಬೇಕು. ಯಾಕೆ ಹೇಳುತ್ತಿಲ್ಲ ಈ ಹುಡುಗಿ? ಅತ್ತೆಯೇ ಕಳಿಸಿದ್ದು ಎಂದು ಒಂದು ಮಾತು ಹೇಳಿದ್ದರೆ ತನಗೂ ಹಗುರಾಗುತ್ತಿತ್ತು. ಬೈಸಿಕೊಂಡು ಹಗುರಾಗಬಹುದಿತ್ತು. ಹೇಳದೆ ಇರುವುದು ಮರ್ಯಾದೆಯೋ, ಸೇಡೋ, ಬೀರಮ್ಮನಿಗೆ ಆ ತಗ್ಗಿದ ಮುಖದಲ್ಲಿ ಓದಲಾಗಲಿಲ್ಲ. ಸೀರೆ ಉಟ್ಟ ಮೇಲೆ ಅವಳ ಮುಖ ಓದುವುದೇ ಕಷ್ಟವಾಗಿತ್ತು.

ಬೈಕು ಅಂಗಳದ ನಡುವೆ ಬಂದು ನಿಂತಿತು. ನಯನ ಬ್ಯಾಗು ತಂದು ಜಗಲಿಯ ಮೇಲಿಟ್ಟಳು. ಕುರಿಗಳನ್ನು ಹೊರಗೆ ಬಿಡಲು ಹೊರಟಿದ್ದ ಪುಟ್ಟಲಿಂಗಯ್ಯ ಕಂಬಳಿ ಹೆಗಲಿಗೆ ಹಾಕಿಕೊಂಡು ಒಂದು ಗಳಿಗೆ ನಿಂತ. ಈಗ ಎಂದುಕೊಂಡಳು ಬೀರಮ್ಮ. ಅಡಿಕೆ ಚೀಲ ಬಿಚ್ಚಿ, ಗುಳಿಗೆ ತೆಗೆದು, ಮಗನ ಮುಂದೆ ಅಂಗೈ ಚಾಚಿದಳು.

"ಏನವ್ವ ಇದು?"

"ಹುಳದ ಮನೇಲಿ ಸಿಕ್ತು. ಎಡಗಡೆ ಅಂಕಣದ ಮೂರ್ನೇ ಅಟ್ಟದಾಗೆ. ಸೀರೆ ಮಡಿಕೇಲಿ ಇದ್ದದ್ದು ಬಿದ್ದೈತೆ. ನನ್ ಸೀರೇದು ಕಣ್ಲಾ. ನಾನೇ ಉಡ್ಸಿದ್ದು, ನಾನೇ ಒಳೀಕ್ ಕಳ್ಸಿದ್ದು. ಮುಟ್ಟೂ ಅಲ್ಲ, ಗಿಟ್ಟೂ ಅಲ್ಲ. ಇದ್ರ ಘಾಟು."

ಶಿವರಾಜು ಗುಳಿಗೆಯನ್ನು ತೆಗೆದುಕೊಂಡು ಬೆರಳಲ್ಲಿ ತಿರುಗಿಸಿ ನೋಡಿದ, ಮೂಸಿದ. ಅವನ ಮುಖ ಒಂದು ಗಳಿಗೆ ಖಾಲಿಯಾಯಿತು. ಆ ಒಂದು ಗಳಿಗೆ ಬೀರಮ್ಮ ಕಾದಳು, ಹೊಡೆತ ಬೀಳುವುದನ್ನು ಕಾಯುವವರ ಹಾಗೆ, ಆಸೆಯಿಂದ.

"ನೋಡಪ್ಪ," ಎಂದ ಅವನು, ತಂದೆಯ ಕಡೆ ತಿರುಗಿ. "ಮಡಿಕೆ ಬಿಚ್ಚಿ ಒದ್ರಿ ಉಡ್ಬೇಕು ಅನ್ನೋ ಗ್ಯಾನಾನೂ ಇಲ್ಲ. ಎಲ್ಲಿಂದ ಬತ್ತದೆ? ನೈಟಿಗೆ ಮಡಿಕೆ ಎಲ್ಲೈತೆ, ನೆರಿಗೆ ಎಲ್ಲೈತೆ? ತಲೆ ಮೇಲಿಂದ ಎಳ್ಕಂಡ್ರೆ ಆಯ್ತು. ಸೀರೆ ಉಡೋದು ಬಾರದೋರ ಮೈಮೇಲೆ ಸೀರೆ ಹಾಕಿದ್ರೆ ಹಿಂಗೇ ಆಗೋದು."

"ಅವ್ಳ ತಪ್ಪಲ್ಲ ಕಣ್ಲಾ, ನಂದು ಅಂತಾವ್ನಿ!"

"ನೀನ್ಯಾಕೆ ಮೈಮ್ಯಾಲೆ ಎಳ್ಕತೀಯೆ, ಬೀರಿ," ಎಂದ ಪುಟ್ಟಲಿಂಗಯ್ಯ. ಅವನ ದನಿ ಒದ್ದೆಯಾಗಿತ್ತು. "ಮೂರ್ ದಿನ ಇದ್ನ ಬಚ್ಚಿಟ್ಕಂಡು ಸೊಸೆ ಮಾನ ಕಾದಿದ್ದೀಯ. ಇಂಥ ಅತ್ತೆ ಯಾರಿಗ್ ಸಿಕ್ತಾಳೆ? ಕೇಳಿದ್ಯಾ ನಯನ, ನಿಮ್ಮತ್ತೆ ನಿನ್ನ ಉಳ್ಸಾಕೆ ಏನೇನ್ ಯೋಳ್ತಾವ್ಳೆ ಅಂತ?"

ಇಷ್ಟು ಸುಲಭವಾಗಿ ತನ್ನ ತಪ್ಪು ತನ್ನ ಕೈಯಿಂದಲೇ ಸೊಸೆಯ ತಪ್ಪಾಗಿ, ತನ್ನ ದೊಡ್ಡತನವಾಗಿ ಹೋಗುತ್ತದೆಂದು ಬೀರಮ್ಮ ಯೋಚಿಸಿರಲಿಲ್ಲ. ತಲೆಯ ಮೇಲಿನ ಸೆರಗು, ಹಣೆಯ ಕಾಸಗಲ ಕುಂಕುಮ, ಮೊಣಕೈವರೆಗಿನ ರವಿಕೆ. ಇಂಥ ಹೆಂಗಸು ತಾನು ತಪ್ಪು ಮಾಡಿದೆ ಎಂದರೆ ನಂಬುವವರು ಯಾರು? ಅವಳು ನಯನಳ ಕಡೆ ತಿರುಗಿದಳು.

"ನೀನಾದ್ರೂ ಯೋಳಮ್ಮಿ. ವಾಸ್ನೆ ಐತೆ ಅಂದ್ಯಲ್ಲ ಅವತ್ತು, ನಂಗೆ."

"ಏನ್ ಯೋಳ್ಲಿ ಅತ್ತೆ," ಎಂದಳು ನಯನ. ಕಣ್ಣು ಬ್ಯಾಗಿನ ಮೇಲಿತ್ತು. "ಅವತ್ತೇ ಯೋಳ್ದೆ. ಎಲ್ರೂ ನಕ್ರಿ."

ಶಿವರಾಜು ಗುಳಿಗೆಯನ್ನು ಬೇಲಿಯಾಚೆ ಎಸೆದು, ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು, ಬೈಕಿಗೆ ಒದ್ದ. ಒಂದು ಸಲಕ್ಕೆ ಹತ್ತಲಿಲ್ಲ. ಮೂರನೆಯ ಸಲಕ್ಕೆ ಹತ್ತಿತು. "ಒಂದ್ ತಿಂಗ್ಳು ಇರ್ಲಿ ಅವ್ವ. ಊರೋರ ಬಾಯಿ ಒಸಿ ತಣ್ಣಗಾಗ್ಲಿ," ಎಂದ, ಯಾರ ಮುಖವನ್ನೂ ನೋಡದೆ. ಚೂಡಿದಾರಿನಲ್ಲಿ ಎರಡೂ ಕಡೆ ಕಾಲು ಹಾಕಿ ಕೂರುತ್ತಿದ್ದ ನಯನ ಇವತ್ತು ಒಂದು ಪಕ್ಕಕ್ಕೆ ಕಾಲು ಇಳಿಬಿಟ್ಟು, ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು, ಎಲ್ಲಿ ಹಿಡಿದುಕೊಳ್ಳಬೇಕೆಂದು ತಿಳಿಯದೆ ಕೂತಳು. ಗಾಡಿ ಮುಂದೆ ಸರಿಯಿತು. ಬೀರಮ್ಮ ಎರಡು ಹೆಜ್ಜೆ ಓಡಿದಳು. ಗಂಟಲಿಗೆ ಬಂದದ್ದು ಬೇರೆ, ನಾಲಿಗೆಗೆ ಬಂದದ್ದು ಬೇರೆ.

"ಸೆರಗು! ಸೆರಗು ನೋಡ್ಕಳಮ್ಮಿ, ಚಕ್ರಕ್ ಸಿಕ್ಕಾತು!"

ನಯನ ಸೆರಗನ್ನು ಎಳೆದು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಹಿಂದೆ ತಿರುಗಲಿಲ್ಲ. ಕಬ್ಬಾಳಿನ ದಾರಿಯ ತಿರುವಿನಲ್ಲಿ ಬೂದು ಬಣ್ಣ ಸ್ವಲ್ಪ ಹೊತ್ತು ಕಂಡು, ಧೂಳಿನ ಬಣ್ಣವಾಯಿತು. ಪುಟ್ಟಲಿಂಗಯ್ಯ ಕುರಿಗಳನ್ನು ಹೊಡೆದುಕೊಂಡು ಹೋದ.

ನಾಲ್ಕು ಗಂಟೆಗೆ ಬಲಗಡೆಯ ಹುಳಕ್ಕೆ ಸೊಪ್ಪು ಹಾಕಬೇಕಿತ್ತು, ಮೂರು ದಿನದಿಂದ ಹಾಕುತ್ತಿದ್ದ ಶಿವರಾಜು ಇನ್ನೂ ಬಂದಿರಲಿಲ್ಲ. ಬದುಕಿದ ಹುಳ ಕಾಯುವುದಿಲ್ಲ, ಹೊತ್ತಿಗೆ ಸರಿಯಾಗಿ ತಲೆ ಎತ್ತಿ ಹುಡುಕುತ್ತವೆ. ಬೀರಮ್ಮ ಹುಳದ ಮನೆಯ ಹೊಸ್ತಿಲವರೆಗೆ ಹೋಗಿ, ಸುಣ್ಣದ ಪುಡಿಯಲ್ಲಿ ಕಾಲಿಡುವ ಮೊದಲು ನಿಂತಳು. ಅಡಿಕೆ ಚೀಲ. ಬಿಚ್ಚಿ ಜಗಲಿಯ ಮೇಲಿಟ್ಟಳು. ಆದರೆ ಚೀಲ ಇಷ್ಟು ಹೊತ್ತು ಒರಗಿದ್ದು ತಾನು ಉಟ್ಟ ಈ ಸೀರೆಗೇ ಅಲ್ಲವೇ, ಹಗ್ಗದ ಮೇಲಿನ ಸೀರೆಯನ್ನು ಮಡಚಿ ತೆಗೆಯುವಾಗ ಎದೆಗೆ ಅವಚಿಕೊಂಡದ್ದು ಈ ಸೀರೆಗೇ ಅಲ್ಲವೇ. ಮೂಸಿದಳು. ಇತ್ತು. ಇಲ್ಲದೆಯೂ ಇರಬಹುದು, ಅವಳ ಮೂಗನ್ನು ಅವಳು ನಂಬುವ ಹಾಗಿರಲಿಲ್ಲ. ಮೊಳೆಯ ಮೇಲೆ ನೈಟಿ ತೂಗುತ್ತಿತ್ತು. ಬಿಳಿಚಿಕೊಂಡ ನೀಲಿ ಹೂವಿನದು, ಕಂಕುಳಲ್ಲಿ ಒಂದು ತೇಪೆ. ತೆಗೆದು ಮುಖಕ್ಕೆ ಹಿಡಿದಳು. ಬಿಸಿನೀರಿನದು, ಸೊಪ್ಪಿನದು ಬಿಟ್ಟರೆ ಅದರಲ್ಲಿ ಇನ್ನೊಂದು ವಾಸನೆಯೇ ಇರಲಿಲ್ಲ.

ಬಾಗಿಲ ಹಿಂದೆ ನಿಂತು ಸೀರೆ ಬಿಚ್ಚಿ ಅದನ್ನು ತಲೆಯ ಮೇಲಿಂದ ಎಳೆದುಕೊಂಡಳು. ಅರವತ್ತೈದು ವರ್ಷದಲ್ಲಿ ಮೊದಲ ಸಲ. ಏನೂ ಹಾಕಿಕೊಂಡಿಲ್ಲದ ಹಾಗಿತ್ತು, ಕಾಲಿನ ಸುತ್ತ ಗಾಳಿ ಆಡುತ್ತಿತ್ತು. ನಾಚಿಕೆಯಿಂದ ಮೈ ಮುದುಡಿತು, ಆದರೆ ಕೈಕಾಲು ಹಗುರಾಗಿ ತಮ್ಮಷ್ಟಕ್ಕೆ ಕೆಲಸ ಶುರು ಮಾಡಿದವು. ಬಟ್ಟೆಯ ತುಂಡಿನಿಂದ ನರೆತ ತಲೆಯನ್ನು ಮುಚ್ಚಿ ಬಿಗಿದು ಕಟ್ಟಿದಳು. ಜಗಲಿಗೆ ಬಂದು, ದಾರಿಗೆ ಬೆನ್ನು ಮಾಡಿ, ಬಾಗಿ ಸೊಪ್ಪಿನ ಹೊರೆಯನ್ನು ತೋಳಿಗೆ ತೆಗೆದುಕೊಳ್ಳುತ್ತಿದ್ದಾಗ ಹಿಂದೆ ಸ್ಕೂಟರಿನ ಸದ್ದು ಬಂದು ನಿಂತಿತು.

"ಏನವ್ವ," ಅಂಕಯ್ಯನ ದನಿ. "ಇನ್ನೂ ಹೊರಡ್ನಿಲ್ವಾ ನೀನು? ಇಷ್ಟೆಲ್ಲಾ ಆದ್ಮೇಲೂ ಅದ್ನೇ ನೇತಾಕ್ಕಂಡಿದ್ದೀಯಲ್ಲ, ಒಸಿನಾದ್ರೂ ನಾಚ್ಕೆ ಬ್ಯಾಡ್ವಾ? ನಿಮ್ಮತ್ತೆ ದೇವ್ರಂಥೋಳು, ಅದ್ಕೇ ತಡ್ಕಂಡವ್ಳೆ. ಅವ್ಳ ಕಾಲ್ ತೊಳ್ದು ನೀರ್ ಕುಡ್ದಿದ್ರೂ ಸಾಲ್ದು ನಿಂಗೆ. ಕೇಳುಸ್ತಾ?"

ಅವಳ ಕೈ ತಾನಾಗಿ ಹೆಗಲಿಗೆ ಹೋಯಿತು. ಅಲ್ಲಿ ಎಳೆದುಕೊಳ್ಳಲು ಏನೂ ಇರಲಿಲ್ಲ. ತಿರುಗಿದರೆ ಮುಗಿಯಿತು, ಮುಖ ಕಾಣುತ್ತದೆ, ಅವನು ನಾಲಿಗೆ ಕಚ್ಚಿಕೊಳ್ಳುತ್ತಾನೆ. ಸೊಪ್ಪಿನ ಕಡ್ಡಿಗಳು ತೋಳನ್ನು ಗೀರುತ್ತಿದ್ದವು. ಒಳಗೆ ಬಲಗಡೆಯ ಹುಳ ತಲೆ ಎತ್ತಿ ಹುಡುಕುತ್ತಿರಬೇಕು. ಬೀರಮ್ಮ ಬಾಗಿದಂತೆಯೇ ನಿಂತಿದ್ದಳು.

ಸ್ಕೂಟರು ಇನ್ನೂ ಹೊರಟಿರಲಿಲ್ಲ. ಅವನು ಉತ್ತರಕ್ಕೆ ಕಾಯುತ್ತಿದ್ದ.